ಗುಂಯ್ ಅನ್ನುವ ಮಷಿನ್ನಿಗೆ ಸಾಮಾನು ಹುಡುಕಿದ್ದು

ಆಗ ನನಗೆ ಅರವತ್ತೊಂದು ವಯಸ್ಸು. ಏಳು ವರ್ಷದ ಹಿಂದಿನ ಮಾತು. ಎಳ್ಳಮಾವಾಸ್ಯೆ ಕಳೆದು ವಾರವೂ ಆಗಿರಲಿಲ್ಲ, ಸವಡಿಯ ಒಂದು ಜೋಳದ ಹೊಲದಲ್ಲಿ ನನ್ನ ಮಷಿನ್ ಸತ್ತುಹೋಯಿತು. ಸಾಯುವಾಗ ಏನೂ ಸಪ್ಪಳ ಮಾಡಲಿಲ್ಲ. ಕಿವಿಯಲ್ಲಿ ಗುಂಯ್ ಅನ್ನುತ್ತಿದ್ದದ್ದು ನಿಂತಿತು, ಅಷ್ಟೆ. ಸೆಲ್ ಮುಗಿದಿರಬೇಕೆಂದು ಹೊಸ ಸೆಲ್ ಹಾಕಿದೆ. ಇಲ್ಲ. ಬದುವಿನ ಮೇಲೆ ಕುಳಿತು ಡಬ್ಬಿಗೆ ಎರಡು ಗುದ್ದು ಕೊಟ್ಟೆ. ಮೊದಲೆಲ್ಲ ಗುದ್ದಿದರೆ ಏಳುತ್ತಿತ್ತು. ಅವತ್ತು ಏಳಲಿಲ್ಲ.

ಹೊಲದಲ್ಲಿ ಬಂಗಾರ ಕಳೆದುಕೊಂಡ ಹೆಂಗಸರಿಗೆ ಅದನ್ನು ಹುಡುಕಿಕೊಡುವುದು ನನ್ನ ಕೆಲಸವಾಗಿತ್ತು. ರೋಣ, ನರಗುಂದ, ಗಜೇಂದ್ರಗಡ, ಈ ಮೂರು ಊರಿನ ಸುತ್ತಲೇ ತಿರುಗಿದೆ, ಆಚೆ ಹೋಗಲಿಲ್ಲ. ಕಳೆ ತೆಗೆಯುವಾಗ, ಶೇಂಗಾ ಕೀಳುವಾಗ, ಉಳ್ಳಾಗಡ್ಡಿ ಕೊಯ್ಯುವಾಗ ಬೆಂಡೋಲೆ ಬೀಳುತ್ತದೆ, ತಾಳಿಯ ಗುಂಡು ಬೀಳುತ್ತದೆ. ಬಿದ್ದದ್ದು ಸಂಜೆ ಮನೆಗೆ ಬಂದು ಮುಖ ತೊಳೆಯುವಾಗ ಗೊತ್ತಾಗುತ್ತದೆ. ಆಮೇಲೆ ಮನೆಯಲ್ಲಿ ಜಗಳ. ಜಗಳ ಸಾಕಾದ ಮೇಲೆ ನನ್ನನ್ನು ಕರೆಯುತ್ತಾರೆ. ಹೀಗಾಗಿ ನಾನು ನಗುವ ಮನೆಗೆ ಕೆಲಸಕ್ಕೆ ಹೋದವಳಲ್ಲ.

ಈಗ ಸೂಡಿಯ ರೇಖಾ ಎಂಬ ಹುಡುಗಿ ಹೊಸ ಮಷಿನ್ ತರಿಸಿಕೊಂಡು ಇದೇ ಕೆಲಸಕ್ಕೆ ಇಳಿದಿದ್ದಾಳೆ. ಇನ್ನೂ ಒಬ್ಬಿಬ್ಬರು ಇಳಿಯುತ್ತಾರಂತೆ. "ನಿಮಗ ಗೊತ್ತಿದ್ದದ್ದು ಬರದ ಇಡ್ರಿ ಅಜ್ಜಿ" ಎಂದು ಗಂಟುಬಿದ್ದಳು. ನಾನು ಎರಡನೆಯ ಇಯತ್ತೆಯವರೆಗೆ ಸಾಲಿಗೆ ಹೋದವಳು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ಮಷಿನ್ ಮೊದಲು ಗುರಪ್ಪ ಮಾಸ್ತರರದು. ಸಾಲಿ ಮಾಸ್ತರ ಅಲ್ಲ; ರೋಣದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರು, ಜನ ಮಾಸ್ತರ ಅನ್ನುತ್ತಿದ್ದರು. ಮಿಲಿಟರಿಯವರು ಬಿಸಾಡಿದ ಮಷಿನ್ ಅವರಿಗೆ ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕಿತ್ತು. ಒಂದು ಕೋಲು, ಕೋಲಿನ ತುದಿಗೆ ತಟ್ಟೆಯ ಅಗಲದ ತಂತಿಯ ಬಳೆ, ಹೆಗಲಿಗೆ ಹಾಕಿಕೊಳ್ಳುವ ತಗಡಿನ ಡಬ್ಬಿ, ಕಿವಿಗೆ ಕರಿಯ ಬಟ್ಟಲು. ಒಳಗಿನದೆಲ್ಲ ಹಾಳಾಗಿತ್ತು. ಮಾಸ್ತರರು ರೇಡಿಯೋದ ಸಾಮಾನು ಹಾಕಿ ಎಬ್ಬಿಸಿದರು. ಬಳೆಯನ್ನು ನೆಲದ ಮೇಲೆ ಆಡಿಸಿದರೆ ಕಿವಿಯಲ್ಲಿ ಒಂದೇ ಸಮ ಗುಂಯ್ ಅನ್ನುತ್ತದೆ. ಕೆಳಗೆ ಕಬ್ಬಿಣ ಇದ್ದರೆ ದನಿ ದಪ್ಪಗಾಗುತ್ತದೆ. ಬಂಗಾರ, ಬೆಳ್ಳಿ, ತಾಮ್ರ ಇದ್ದರೆ ಸಣ್ಣಗಾಗುತ್ತದೆ. ಇಷ್ಟೇ ವಿದ್ಯೆ. ಆದರೆ ನಾಲ್ಕು ಬೆರಳಿಗಿಂತ ಆಳದ್ದು ಅದಕ್ಕೆ ತಿಳಿಯುವುದಿಲ್ಲ. ನಮ್ಮದು ಎರೆ ನೆಲ. ಮಾಗಿಯಲ್ಲಿ ಬಾಯಿ ಬಿಡಲು ಶುರುಮಾಡಿದರೆ ಬಿರುಕಿನಲ್ಲಿ ಮೊಳಕೈ ಹೋಗುತ್ತದೆ. ಅದರೊಳಗೆ ಬಿದ್ದದ್ದು ದಿನದಿನಕ್ಕೆ ಕೆಳಗಿಳಿಯುತ್ತದೆ. ತಡಮಾಡಿದರೆ ಯಾವ ಮಷಿನ್ ತಂದರೂ ಅಷ್ಟೆ.

ನನ್ನ ಗಂಡ ಸತ್ತಮೇಲೆ ನಾನು ಮಾಸ್ತರರ ಕೂಡ ಅಗೆಯುವ ಆಳಾಗಿ ಹೋದೆ. ಅವರು ಕೇಳುವುದು, ನಾನು ಕಳೆ ತೆಗೆಯುವ ಕುರ್ಚಿಗಿಯಿಂದ ಕೆದರುವುದು. ಒಳ್ಳೆಯ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. "ಕತ್ತೆಗತೆ ಅಗೀಬ್ಯಾಡ, ಬೆಕ್ಕಿನಗತೆ ಅಗಿ" ಅನ್ನುವುದು ಅವರ ಪಾಠ. ಒಂದು ಸಲ ಶಿರೋಳದ ಉಳ್ಳಾಗಡ್ಡಿ ಹೊಲದಲ್ಲಿ ಮಷಿನ್ ಸಣ್ಣ ದನಿ ಕೊಟ್ಟಿತು. ಅಗೆದೆ, ಇಲ್ಲ. ಮುಂದೆ ಹೋದರು, ಅಲ್ಲಿಯೂ ಸಣ್ಣ ದನಿ. ಅಗೆದೆ, ಇಲ್ಲ. ಮಧ್ಯಾಹ್ನದವರೆಗೆ ಹೊಲ ತುಂಬ ಗುಂಡಿ. ಮೂಗಿನ ನತ್ತು ಕಳೆದುಕೊಂಡ ಹೆಂಗಸು ಪಾಪ, ಆಸೆಯಿಂದ ಮಾಸ್ತರರ ಬಳೆಯ ಪಕ್ಕದಲ್ಲೇ ಹೆಜ್ಜೆ ಹಾಕುತ್ತಿದ್ದಳು. ಅವಳ ಕಾಲುಂಗುರ ನೋಡಿ ನಾನೇ ಅಂದೆ, "ಮಾಸ್ತರ, ನೀವು ಮುಂಜಾನಿಂದ ಇಕಿ ಕಾಲ ಹುಡುಕಾಕತ್ತೀರಿ." ಹೊಲದವರೆಲ್ಲ ನಕ್ಕರು. ಮಾಸ್ತರರು ಎರಡು ದಿನ ನನ್ನ ಕೂಡ ಮಾತಾಡಲಿಲ್ಲ. ಹೊಸಬರು ಇದನ್ನು ನೆನಪಿಡಿ. ಗಂಡನಿದ್ದವಳು ಕಾಲುಂಗುರ ತೆಗೆಯುವುದಿಲ್ಲ, ತೆಗೆ ಅನ್ನಲೂ ಬಾರದು. ಅವಳನ್ನು ಬದುವಿನ ಮೇಲೆ ಕೂಡಿಸಿ.

ಕಡೆಕಡೆಗೆ ಮಾಸ್ತರರಿಗೆ ಕಿವಿ ಕೇಳದಾಯಿತು. ಕಿವಿಯ ಬಟ್ಟಲನ್ನು ಮಾತ್ರ ಬಿಡಲೊಲ್ಲರು. ಬಂಗಾರದ ಮೇಲೆ ನಡೆದು ಹೋಗಿಬಿಡುತ್ತಿದ್ದರು. ನಾನು ಹಿಂದಿನಿಂದ ಕಾಲಿನಲ್ಲಿ ಮಣ್ಣು ಕೆದರಿ ನೋಡಿಕೊಂಡು ಬರುತ್ತಿದ್ದೆ, ಕಣ್ಣಿಗೆ ಬಿದ್ದರೆ "ಮಾಸ್ತರ, ಇಲ್ಲೆ ಒಮ್ಮಿ ಆಡಸ್ರಿ" ಅನ್ನುತ್ತಿದ್ದೆ. ಒಂದು ದಿನ ಅವರೇ ಬಟ್ಟಲು ತೆಗೆದು ನನ್ನ ತಲೆಗೆ ಹಾಕಿದರು. ಅವರು ಹೋದಮೇಲೆ ಮಷಿನ್ ನನ್ನ ಮನೆಯಲ್ಲೇ ಉಳಿಯಿತು.

ಅವರು ಹಾಕಿಕೊಟ್ಟ ಒಂದು ರೀತಿಯನ್ನು ನಾನು ಬಿಡಲಿಲ್ಲ. ಸಿಕ್ಕ ಒಡವೆಯನ್ನು ಮುಟ್ಟಬಾರದು. ನಿಂತಲ್ಲೇ ನಿಂತು, ಸುತ್ತಲಿನ ಹೊಲಕ್ಕೆ ಕೇಳುವ ಹಾಗೆ "ಸಿಕ್ತು" ಎಂದು ಒದರಬೇಕು. ಕಳೆದುಕೊಂಡವಳೇ ಬಂದು, ನಾಲ್ಕು ಮಂದಿಯ ಮುಂದೆ, ಮಣ್ಣಿನಿಂದ ಎತ್ತಿಕೊಳ್ಳಬೇಕು. ಯಾಕೆಂದರೆ ಒಡವೆ ಕಳೆದ ಮನೆಯಲ್ಲಿ ಯಾರದಾದರೂ ಹೆಸರು ಕೆಟ್ಟಿರುತ್ತದೆ. ಕೆಡಿಸುವಾಗ ಊರಿಗೆಲ್ಲ ಕೇಳಿಸಿರುತ್ತಾರೆ. ಸಿಕ್ಕಾಗ ಮಾತ್ರ ಮನೆಯೊಳಗೆ ಪಿಸುಗುಟ್ಟಿದರೆ ಆ ಹೆಸರು ತಿರುಗಿ ಬರುವುದಿಲ್ಲ.

ನಿಧಿ ಹುಡುಕುವವರೂ ಬರುತ್ತಾರೆ. ಹಳೆಯ ಗುಡಿ ಇದ್ದ ಕಡೆ ಇವರ ಕಾಟ ಹೆಚ್ಚು. ಒಬ್ಬ ನಿಂಬೆಹಣ್ಣು, ಕುಂಕುಮ ಹಿಡಿದು ಬಾಗಿಲಿಗೆ ಬಂದು, "ಅವ್ವಾರ, ಒಂದ ತಾಸಿನ ಕೆಲಸ" ಅಂದ. "ನಿಂಬಿಹಣ್ಣ ಇಟ್ಟ ಹೋಗು, ಉಪ್ಪಿನಕಾಯಿ ಹಾಕತೀನಿ" ಅಂದೆ. ಇಂಥವರ ಕೂಡ ಒಂದು ಸಲ ಹೋದರೂ ಮುಂದೆ ಪೊಲೀಸರು ನಿಮ್ಮ ಮಷಿನ್ ಒಯ್ಯುತ್ತಾರೆ. ಸಾಕಿದು.

ಸವಡಿಗೆ ಬರುತ್ತೇನೆ. ಅಲ್ಲಿಯ ಗಂಗವ್ವ ಎಂಬವಳ ಸೊಸೆ ಮಂಜುಳಾ. ಮದುವೆಯಲ್ಲಿ ಅತ್ತೆಯ ಮನೆಯವರು ಅವಳಿಗೆ ಹಾಕಿದ್ದ ಬಂಗಾರದ ಉಂಗುರ ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಹೊಲಕ್ಕೆ ಪೂಜೆ, ಊಟಕ್ಕೆ ಹೋದಾಗ ಅಲ್ಲಿ ಕಳೆಯಿತು. ಮಂಜುಳಾಳ ಗಂಡ ಈರಣ್ಣ ರೋಣಕ್ಕೆ ಬಂದು ನನ್ನನ್ನು ಬೈಕಿನ ಮೇಲೆ ಕರೆದುಕೊಂಡು ಹೋದ. ಹೊಲದಲ್ಲಿ ಗಂಗವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಬಾ, ಹುಡುಕು. ಹೊಲದಾಗಿದ್ರ ಸಿಗತೈತಿ. ಹುಬ್ಬಳ್ಯಾಗಿದ್ರ ಹ್ಯಾಂಗ ಸಿಕ್ಕೀತು?"

"ಹುಬ್ಬಳ್ಯಾಗ ಏನೈತಿ?" ಅಂದೆ.

"ಇಕಿ ಅಣ್ಣ ಅದಾನಲ್ಲ. ಮೊನ್ನೆ ಮೊನ್ನೆ ದರ್ಜಿ ಅಂಗಡಿ ಇಟ್ಟಾನ. ಮಷಿನ್ ಎಲ್ಲಿಂದ ಬಂತು, ಕತ್ತರಿ ಎಲ್ಲಿಂದ ಬಂತು, ದೇವರಿಗೇ ಗೊತ್ತು."

ಮಂಜುಳಾ ಬದುವಿನ ಮೇಲೆ ಕುಳಿತಿದ್ದಳು. ಇನ್ನೂ ಚಿಕ್ಕ ಹುಡುಗಿ, ಕೈಬಳೆಗಳ ಬಣ್ಣ ಮಾಸಿರಲಿಲ್ಲ. ಗಂಗವ್ವ ಓಣಿಗೆಲ್ಲ ಕೇಳುವ ಹಾಗೆ ಹೇಳಿಬಿಟ್ಟಿದ್ದಳು: ಸಂಕ್ರಾಂತಿಯವರೆಗೆ ನೋಡುತ್ತೇನೆ, ಉಂಗುರ ಬರಲಿಲ್ಲ ಅಂದರೆ ಇವಳು ಟ್ರಂಕು ತೆಗೆದುಕೊಂಡು ತವರಿಗೆ ನಡೆಯಲಿ. ಈರಣ್ಣನಿಗೆ ತಾಯಿಯ ಮುಂದೆ ಬಾಯಿ ಏಳುತ್ತಿರಲಿಲ್ಲ. ಹೀಗಿರುವಾಗ ನಾನು ಬನ್ನಿಗಿಡದ ಸುತ್ತ ನಾಲ್ಕು ಹೆಜ್ಜೆ ಆಡಿಸಿದೆ, ಮಷಿನ್ ಸತ್ತಿತು.

"ನೋಡಿದೇನ, ಮಷಿನ್ನಿಗೂ ಗೊತ್ತಾತು" ಅಂದಳು ಗಂಗವ್ವ.

"ಮಷಿನ್ನಿಗೆ ನಿನ್ನ ದನಿ ಕೇಳಿ ಹೆದರಿಕಿ ಆಗೇತಿ. ರಿಪೇರಿ ಮಾಡಿಸ್ಕೊಂಡು ಬರತೀನಿ" ಎಂದು ಹೇಳಿ ಬಂದೆ. ಹೇಳಿದಷ್ಟು ಸುಲಭ ಇರಲಿಲ್ಲ.

ರೋಣದಲ್ಲಿ ಮಾಸ್ತರರ ಅಂಗಡಿಯಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಅಲ್ಲಿಯವನು ಡಬ್ಬಿ ಬಿಚ್ಚಿ ನೋಡಿ ಮತ್ತೆ ಮುಚ್ಚಿದ. "ಅಜ್ಜಿ, ಇದರಾಗಿನ ಸಾಮಾನ ನಾ ಹುಟ್ಟೂ ಮೊದಲಿನ್ವು" ಅಂದ. ನರಗುಂದಕ್ಕೆ ಹೋದೆ. ಅಲ್ಲಿ ಗುಡ್ಡದ ಕೆಳಗಿನ ಓಣಿಯಲ್ಲಿ ಪರಸು ಎಂಬ ಟಿವಿ ಮೆಕ್ಯಾನಿಕ್ ಇದ್ದ, ಮಾಸ್ತರರ ಹತ್ತಿರ ಕೆಲಸ ಕಲಿತವನು. ಅಂಗಡಿಯ ತುಂಬ ರಾಶಿ ಬಿದ್ದ ಟಿವಿಗಳು. ಅವನು ಮೀಟರ್ ಹಚ್ಚಿ ನೋಡಿ, ಒಂದು ಸಣ್ಣ ಸಾಮಾನನ್ನು ಇಕ್ಕಳದ ತುದಿಯಿಂದ ತಟ್ಟಿದ. ಮೂರು ತಂತಿಯ ಕಾಲು, ತಲೆಗೆ ಬೆಳ್ಳಿ ಬಣ್ಣದ ಟೊಪ್ಪಿಗೆ. ಟ್ರಾನ್ಸಿಸ್ಟರ್.

"ಇದು ಹೋಗೇತಿ ನೀಲವ್ವ. ಹೊಸಾದು ಹಾಕಿ ನೋಡೂಣು ತಡಿ."

ಹೊಸದು ಹಾಕಿದ. ಮಷಿನ್ ನಾಯಿಯ ಹಾಗೆ ಊಳಿಡಲು ಶುರುಮಾಡಿತು. ಬಳೆಯ ಕೆಳಗೆ ಅವನ ಬೆಳ್ಳಿಯ ಉಡದಾರ ಹಿಡಿದರೂ ಅದೇ ಊಳು, ಇಕ್ಕಳ ಹಿಡಿದರೂ ಅದೇ ಊಳು.

"ಇದಕ್ಕ ಇದರ ಜಾತೀದ ಆಗಬೇಕು. ಈಗಿನ್ವು ಬ್ಯಾರೆ ಮಾಲಿನ್ವು. ಹಳೀ ರೇಡಿಯೋದಾಗ ಇರತಾವು. ಸಿಕ್ರ ತೊಗೊಂಬಾ, ನಾ ಕುಂದರಸಿ ಕೊಡತೀನಿ."

ಹಳೆಯ ರೇಡಿಯೋ ಎಲ್ಲಿ ಹುಡುಕುವುದು? ಗೊತ್ತಿದ್ದ ಮನೆಗಳಿಗೆ ಹೋಗಿ ಕೇಳಿದೆ. ಒಬ್ಬರ ಮನೆಯಲ್ಲಿ ಅದರ ಪೆಟ್ಟಿಗೆಯಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ಇನ್ನೊಬ್ಬರು ಒಳಗಿನದು ತೆಗೆದು ದೇವರ ಮೂರ್ತಿ ಕೂಡಿಸಿದ್ದರು. ಸಂಕ್ರಾಂತಿ ಹತ್ತಿರ ಬರುತ್ತಿತ್ತು. ಮಳೆಯ ಹನಿ ಇಲ್ಲ, ಬಸ್ಸಿನ ಕಿಟಕಿಯಿಂದ ನೋಡಿದರೆ ಹೊಲಗಳೆಲ್ಲ ಬಾಯಿ ತೆರೆದುಕೊಂಡಿದ್ದವು. ಒಂದೊಂದು ದಿನ ಹೋದಹಾಗೆ ಸವಡಿಯ ಆ ಉಂಗುರ ಎಷ್ಟು ಕೆಳಗೆ ಹೋಗಿರಬಹುದೆಂದು ಲೆಕ್ಕ ಹಾಕುವುದೇ ನನ್ನ ಕೆಲಸವಾಯಿತು. ಮೊಣಕಾಲು ಬಾತುಕೊಂಡವು. ಬಿಟ್ಟುಬಿಡಬೇಕೆಂದು ದಿನಾ ಸಂಜೆ ಅನ್ನಿಸುತ್ತಿತ್ತು.

ಗಜೇಂದ್ರಗಡದಲ್ಲಿ ಮೌಲಾಸಾಬನ ಗುಜರಿ ಅಂಗಡಿಗೆ ಹೋದೆ. ಆಸುಪಾಸು ಮಗ್ಗದ ಸಪ್ಪಳ, ಅವನು ಕೂಗಿಯೇ ಮಾತಾಡುತ್ತಿದ್ದ.

"ರೇಡಿಯೋನ? ಅವ್ವಾ, ರೇಡಿಯೋ ತಂದ್ರ ಅವತ್ತ ಒಡದು ತಾಂಬ್ರ ತಗೀತೀವಿ. ಹಿಂದ ಒಂದ ಗುಂಪಿ ಐತಿ, ನೋಡ್ಕೋ. ಹಾವು ಗೀವು ಇದ್ರ ನನ್ನ ಕರೀಬ್ಯಾಡ."

ಆ ಗುಂಪಿಯಲ್ಲಿ ಕುಳಿತು ಬಿಚ್ಚುತ್ತ ಹೋದೆ. ಟೇಪ್‌ರೆಕಾರ್ಡರ್, ಇಸ್ತ್ರಿಪೆಟ್ಟಿಗೆ, ಮಿಕ್ಸರ್. ಟೊಪ್ಪಿಗೆ ಇಲ್ಲದ ಹೊಸ ಜಾತಿಯವೇ ಎಲ್ಲ. ಕಡೆಗೆ ಒಂದು ಮರದ ಪೆಟ್ಟಿಗೆಯ ರೇಡಿಯೋ ಸಿಕ್ಕಿತು. ಒಳಗೆ ಇಲಿ ಅರಿವೆ, ಹತ್ತಿ ಎಲ್ಲ ತಂದು ಹಾಸಿತ್ತು.

"ಮೌಲಾಸಾಬ, ಇದರಾಗ ಇಲಿ ಬಾಣಂತನಾ ಮಾಡೇತಿ."

"ಹಂಗಾರ ಒಂದೀಟು ಖೊಬ್ರಿ ಬೆಲ್ಲಾ ಕೊಟ್ಟ ಬಾ."

ಆ ಹಾಸಿಗೆಯ ಅಡಿಯಲ್ಲಿ ಒಂದೇ ಒಂದು ಬೆಳ್ಳಿ ಟೊಪ್ಪಿಗೆ ಉಳಿದಿತ್ತು. ಮಿಕ್ಕವುಗಳ ಕಾಲನ್ನು ಇಲಿ ಕಡಿದಿತ್ತು. ಅರಿವೆಯಲ್ಲಿ ಸುತ್ತಿ, ಎಲೆಯಡಿಕೆ ಚೀಲದಲ್ಲಿಟ್ಟುಕೊಂಡು ಮತ್ತೆ ನರಗುಂದದ ಬಸ್ಸು ಹತ್ತಿದೆ.

ಈ ಹಳೆಯ ಜಾತಿ ಕಾವು ತಡೆಯುವುದಿಲ್ಲ. ಬೆಸುಗೆ ಹಾಕುವಾಗ ಅದರ ಕಾಲನ್ನು ನಡುವೆ ಇಕ್ಕಳದಿಂದ ಗಟ್ಟಿಯಾಗಿ ಹಿಡಿದಿರಬೇಕು. ಆಗ ಕಾವು ಇಕ್ಕಳಕ್ಕೆ ಹೋಗುತ್ತದೆ, ಟೊಪ್ಪಿಗೆಯೊಳಗೆ ಏರುವುದಿಲ್ಲ. ಮಾಸ್ತರರು ಬೆಸುಗೆ ಹಾಕುವಾಗ ಇಕ್ಕಳ ಹಿಡಿಯುವ ಕೆಲಸ ನನ್ನದಿತ್ತು, ಹಾಗಾಗಿ ಗೊತ್ತು. ಪರಸುವಿಗೂ ಗೊತ್ತು. ಆದರೆ ಕೆಲಸದ ನಡುವೆ ಅವನಿಗೊಂದು ಫೋನ್ ಬಂತು. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಯಾರದೋ ಟಿವಿಯ ಪಂಚಾಯಿತಿ ಮಾಡುತ್ತ, ಕಾದ ಕಡ್ಡಿಯನ್ನು ಒತ್ತಿಯೇ ಹಿಡಿದ.

"ಕಾಲ ಹಿಡಿಯೋ, ಕಾಲ ಹಿಡಿ!" ಅಂದೆ.

"ಹಿಡೀತೀನಿ ತಡಿಬೇ."

ಅವನು ಹಿಡಿಯುವಷ್ಟರಲ್ಲಿ ಮುಗಿದಿತ್ತು. ಮೀಟರ್ ಹಚ್ಚಿದ, ಮುಳ್ಳು ಅಲುಗಲಿಲ್ಲ. "ಏ, ಇದು ಗುಜರ್ಯಾಗ ಸತ್ತಿತ್ತ ಬಿಡು" ಅಂದ. ನಾನು ಜಗಳ ಮಾಡಲಿಲ್ಲ. ಜಗಳಕ್ಕೂ ಮೈಯಲ್ಲಿ ಏನಾದರೂ ಇರಬೇಕು.

ಮಾರನೆಯ ದಿನ ಸವಡಿಗೆ ಹೋದೆ. ಆಗುವುದಿಲ್ಲ ಎಂದು ಎದುರಿಗೇ ಹೇಳಿ ಬರುವುದು ಸರಿ ಅನ್ನಿಸಿತು. ಮಷಿನ್ನು, ಕುರ್ಚಿಗಿ, ಬೆಸುಗೆಯ ಕಡ್ಡಿ, ಇಕ್ಕಳ ಇದ್ದ ಚೀಲ ಹೆಗಲಲ್ಲೇ ಇತ್ತು, ತೆಗೆದಿಡಲೂ ಬೇಸರ. ಗಂಗವ್ವನ ಮನೆಯ ತಲೆಬಾಗಿಲ ಹತ್ತಿರ ನೀಲಿ ಟ್ರಂಕು ಬಂದು ಕುಳಿತಿತ್ತು. ಮಂಜುಳಾ ಚಹಾ ತಂದುಕೊಟ್ಟಳು. ಒಳಗಿನ ಹೊರಸಿನ ಮೇಲೆ ಗಂಗವ್ವನ ಗಂಡ ಶಿವಪ್ಪ ಮಲಗಿದ್ದ, ಮೊಣಕಾಲು ಹೋದ ಮನುಷ್ಯ. ಚಹಾ ಕುಡಿಯುತ್ತ ಗೋಡೆಯ ಹಲಗೆ ನೋಡಿದೆ. ಕಸೂತಿ ಹಾಕಿದ ಬಿಳಿಯ ಅರಿವೆ ಹೊದ್ದು ಏನೋ ಕುಳಿತಿತ್ತು. ಅರಿವೆಯ ಕೆಳಗೆ ಎರಡು ಗುಂಡಿ ಕಾಣುತ್ತಿದ್ದವು.

"ಅದು ರೇಡಿಯೋ ಏನು?"

"ಮುಟ್ಟಬ್ಯಾಡ" ಅಂದಳು ಗಂಗವ್ವ. "ನನ್ನ ತೌರಮನೀದು. ನಮ್ಮಪ್ಪ ಮದುವ್ಯಾಗ ಕೊಟ್ಟಿದ್ದು."

"ಮಾತಾಡತೈತೇನು?"

ಶಿವಪ್ಪ ಹೊರಸಿನಿಂದಲೇ ಅಂದ, "ಮಗಾ ಹುಟ್ಟಿದಾಗಿಂದ ಅದು ಬಾಯಿ ಮುಚ್ಚೇತಿ. ಈಕಿ ಮುಚ್ಚಿಲ್ಲ."

ನನಗೆ ಬೇಕಾದದ್ದು ಏನೆಂದು ಹೇಳಿದೆ. ಗಂಗವ್ವ ಎದ್ದು ಹೋಗಿ ಹಲಗೆಯ ಮುಂದೆ ಬೆನ್ನು ಕೊಟ್ಟು ನಿಂತಳು. "ಇಕಿ ಕದ್ದದ್ದು ಹುಡುಕಾಕ ನನ್ನ ರೇಡಿಯೋ ಒಡೀಬೇಕೇನು?"

ಮಂಜುಳಾ ಚಹಾದ ಬಟ್ಟಲು ಎತ್ತುತ್ತಿದ್ದವಳು ಕೆಳಗಿಟ್ಟಳು. "ಕದ್ದೀನಿ ಅಂದ್ರ ಹುಡುಕಿಸ್ರಿ, ಅತ್ತಿ. ಸಿಗಲಿಲ್ಲಂದ್ರ ನಿಮ್ಮ ಮಾತ ಖರೇ ಆಗತೈತಲ್ಲ."

ಇದು ಗಂಗವ್ವನಿಗೆ ತಾಗಿತು. ತಿರುಗಿ ಅರಿವೆ ತೆಗೆದಳು. "ತೊಗೊ. ಆದ್ರ ನಾಳಿ ಆ ಸಾಮಾನ ತಿರುಗಿ ಬಂದು ಇದ್ದಲ್ಲೇ ಕುಂದರಬೇಕು. ಸಿಗಲಿಲ್ಲಂದ್ರ ಇವತ್ತ ಸಂಜಿ ಬಸ್ಸಿಗೆ ಇಕಿ ಹೊಂಡಬೇಕು. ಒಪ್ಪಿಗೇನ?"

"ಒಪ್ಪಿಗಿ ಐತ್ರಿ" ಅಂದಳು ಹುಡುಗಿ. ನಾನೂ ಹೂಂ ಅಂದೆ.

ಹಿಂದಿನ ಮುಚ್ಚಳ ಬಿಚ್ಚಿದೆ. ಟೊಪ್ಪಿಗೆ ಹಾಕಿದವು ಸಾಲಾಗಿ ನಿಂತಿದ್ದವು. ಆದರೆ ನಮ್ಮ ಮಷಿನ್ನಿಗೆ ಹೊಂದುವುದು ಒಂದೇ, ಮೈಮೇಲಿನ ಅಂಕಿಯನ್ನು ಮಂಜುಳಾಳಿಂದ ಓದಿಸಿ ಗುರುತು ಹಿಡಿದೆ. ಮಂಜುಳಾಳ ಕೈಗೆ ಇಕ್ಕಳ ಕೊಟ್ಟು ಕಾಲು ಹಿಡಿಯುವುದು ತೋರಿಸಿದೆ.

"ಕೈ ನಡಗಿಸಬ್ಯಾಡ."

"ನಡಗಾಕತ್ತಿದ್ದು ನಿಮ್ಮ ಕೈರಿ, ನಂದಲ್ಲ."

ಖರೇ ಇತ್ತು. ಕಣ್ಣಿಗೂ ಪೊರೆ ಬಂದಿತ್ತು. ಕಡ್ಡಿ ಎಲ್ಲಿ ಒತ್ತಬೇಕೆಂದು ಅವಳೇ ಹೇಳುತ್ತ ಹೋದಳು, ನಾನು ಒತ್ತುತ್ತ ಹೋದೆ. ಹೊತ್ತು ಬಹಳ ಹಿಡಿಯಿತು. ಕಿವಿಯ ಬಟ್ಟಲು ಹಾಕಿಕೊಂಡು ಗುಂಡಿ ತಿರುಗಿಸಿದೆ. ಗುಂಯ್ ಅಂದಿತು.

ಹೊಲಕ್ಕೆ ಹೋದೆವು, ಗಂಗವ್ವ, ಮಂಜುಳಾ, ನಾನು. ಅವರು ಹಬ್ಬದ ಊಟ ಮಾಡಿದ ಬನ್ನಿಗಿಡದ ಕೆಳಗೆ ಹುಡುಕಿದೆ. ಎತ್ತಿನ ಗೊರಸಿನ ನಾಲು ಸಿಕ್ಕಿತು. ಬಾಟಲಿಯ ಬಿರಡೆ ಸಿಕ್ಕಿತು. ಬುತ್ತಿ ಇಳಿಸಿದ ಜಾಗ, ಕೈ ತೊಳೆದ ಜಾಗ, ಬಂಡಿ ನಿಲ್ಲಿಸಿದ ಜಾಗ, ಎಲ್ಲ ಮುಗಿಯಿತು. ಗಂಗವ್ವ ಹೊತ್ತು ನೋಡುತ್ತಿದ್ದಳು. ಸಂಜೆಯ ಬಸ್ಸು ನನಗೂ ನೆನಪಿತ್ತು.

ಹೊಸಬರಿಗೆ ಹೇಳುತ್ತೇನೆ, ಎಲ್ಲಿ ಕಳೆಯಿತು ಎಂದು ಕೇಳಬೇಡಿ. ಅದು ಗೊತ್ತಿದ್ದರೆ ನಿಮ್ಮನ್ನು ಯಾಕೆ ಕರೆಯುತ್ತಿದ್ದರು? ಅವತ್ತು ಕೈ ಏನೇನು ಮಾಡಿತು ಎಂದು ಕೇಳಿ. ಮಂಜುಳಾಳನ್ನು ಬದುವಿನ ಮೇಲೆ ಕೂಡಿಸಿಕೊಂಡು ಕೇಳಿದೆ.

"ಮುಂಜಾನಿ ಹೋಳಿಗಿ ಮಾಡಿದ್ನಿ. ಬುತ್ತಿ ಕಟ್ಟಿದ್ನಿ. ಇಲ್ಲಿ ಬಂದು ಎಡಿ ಹಿಡದ್ವಿ. ಚರಗಾ ಕಲಿಸಿದ್ನಿ. ಉಂಡ್ವಿ."

"ಚರಗಾ ನೀ ಕಲಿಸಿದೇನು? ಯಾವ ಕೈಲೆ?"

"ಬಲಗೈಲೆ" ಅಂದು ಕೈ ಮುಂದೆ ಹಿಡಿದಳು. ಹಿಡಿದವಳು ಅದನ್ನೇ ನೋಡುತ್ತ ಕುಳಿತಳು. ಉಂಗುರ ಇದ್ದದ್ದು ಅದೇ ಕೈಯಲ್ಲಿ.

ಚರಗ ಅಂದರೆ ಭೂಮಿತಾಯಿಯ ಊಟ. ರೊಟ್ಟಿ, ಹೋಳಿಗೆ, ಪಲ್ಯ, ಅನ್ನ, ಮೊಸರು ಎಲ್ಲ ಬುಟ್ಟಿಯಲ್ಲಿ ಹಾಕಿ, ತುಪ್ಪ ಬಿಟ್ಟು ಕಲಸಿ, ಹುಲ್ಲುಲ್ಲಿಗೋ ಎಂದು ಕೂಗುತ್ತ ಹೊಲದ ಸುತ್ತ ಮುಟಗಿ ಮುಟಗಿ ಚೆಲ್ಲುವುದು. ತುಪ್ಪದ ಕೈಯಿಂದ ಉಂಗುರ ಜಾರಿದರೆ ಅಷ್ಟು ಅನ್ನದೊಳಗೆ ಯಾರಿಗೆ ತಿಳಿಯುತ್ತದೆ?

"ಚೆಲ್ಲಿದವರ ಯಾರು?" ಅಂದೆ.

ಹಿಂದಿನಿಂದ ಗಂಗವ್ವ ಅಂದಳು, "ನಾನ ಚೆಲ್ಲೀನಿ. ಗಂಡನ ಮೊಣಕಾಲ ಹೋದಾಗಿಂದ ನಾನ ಚೆಲ್ಲತೀನಿ. ಯಾಕ?"

ಯಾಕೆ ಎಂದು ಕೇಳಿದ ಮೇಲೆ ಅವಳಿಗೂ ತಿಳಿಯಿತು. ಮುಖ ಬದಲಾಯಿತು.

"ಎಲ್ಲಿಂದ ಚೆಲ್ಲಿಕೋತ ಹೋದಿ? ಅವತ್ತಿನಗತೆ ನಡದ ತೋರಸು."

ಮೊದಲು ಸುಮ್ಮನೆ ಬದುವಿನ ಗುಂಟ ನಡೆದಳು. ಆಮೇಲೆ ಕೈ ತಾನೇ ಎದ್ದು ಬೀಸತೊಡಗಿತು. ಎಷ್ಟೋ ವರ್ಷದ ರೂಢಿಯ ಕೈ. ಅದು ಬೀಸಿದ ಕಡೆಗೆ ನಾನು ಜೋಳದ ಸಾಲಿನೊಳಗೆ ಬಳೆ ತೂರಿಸಿ ಆಡಿಸುತ್ತ ಹೋದೆ. ಒಂದು ಮೂಲೆ, ಎರಡು ಮೂಲೆ, ಮೂರು. ಕಡೆಯ ಮೂಲೆಯಲ್ಲಿ ಅವಳು ನಿಂತಳು. "ಇಲ್ಲೆ ಬುಟ್ಟಿ ಬಳದು ಉಂಡೀಗತೆ ಒಗದ್ನಿ" ಅಂದಳು. ದನಿ ಇಳಿದಿತ್ತು. ಎದೆಮಟ ಜೋಳದೊಳಗೆ ನುಗ್ಗಿದೆ. ಒಂದು ಬಿರುಕಿನ ಅಂಚಿಗೆ ಇರುವೆ ಮುತ್ತಿದ್ದವು. ಬಳೆ ಹಿಡಿದೆ. ದನಿ ಸಣ್ಣಗಾಯಿತು. ಕೂದಲೆಳೆಯಷ್ಟು, ಆದರೆ ಆಯಿತು. ಬಗ್ಗಿ ನೋಡಿದೆ. ನಾಲ್ಕು ಬೆರಳು ಕೆಳಗೆ, ಒಣಗಿದ ಹೋಳಿಗೆಯ ಚೂರಿಗೆ ಅಂಟಿಕೊಂಡು ಹೆಂಟೆಯ ಮೇಲೆ ಕುಳಿತಿತ್ತು. ಚೂರನ್ನು ಇರುವೆ ಇನ್ನೊಂದಿಷ್ಟು ತಿಂದಿದ್ದರೆ ಪಾತಾಳ ಕಾಣುತ್ತಿತ್ತು.

ನಾನು ಒದರಲು ಬಾಯಿ ತೆರೆದೆ. ಗಂಗವ್ವ ಬಂದು ನನ್ನ ರಟ್ಟೆ ಹಿಡಿದಳು.

"ಒದರಬ್ಯಾಡ ನೀಲವ್ವ. ನಿನ್ನ ಕಾಲ ಬೀಳತೀನಿ. ಓಣಿ ಮಂದಿ ಮುಂದ ನಾ ಹ್ಯಾಂಗ ಅಡ್ಯಾಡಲಿ? ಮನ್ಯಾಗ ಸಿಕ್ತು ಅನ್ನೂಣು. ಆ ಸಾಮಾನ ನೀನ ಇಟಗೋ, ಪೂರಾ. ರೇಡಿಯೋನೂ ಒಯ್ಯಿ. ಅದರಾಗ ಇನ್ನೂ ಅದಾವಲ್ಲ."

ಮಂಜುಳಾ ಬದುವಿನ ಮೇಲೆ ನಿಂತಿದ್ದಳು, ನಾನು ಹೇಳಿದಲ್ಲೇ. ಅವಳಿಗೆ ನಮ್ಮ ಮಾತು ಕೇಳುತ್ತಿರಲಿಲ್ಲ. ಗಂಗವ್ವ ಕೊಡುತ್ತೇನೆ ಅಂದದ್ದು ಸಣ್ಣದಲ್ಲ. ಆ ಸಾಮಾನು ನನ್ನ ಹತ್ತಿರ ಉಳಿದರೆ ಮಷಿನ್ ಉಳಿಯುತ್ತಿತ್ತು, 'ನೀಲವ್ವ ಬಂದಳು' ಎಂದು ಜನ ಎದ್ದು ದಾರಿ ಬಿಡುವುದೂ ಉಳಿಯುತ್ತಿತ್ತು. ಬಿಟ್ಟರೆ ಇನ್ನೊಂದು ಎಲ್ಲಿಯೂ ಇಲ್ಲವೆಂದು ಮೂರು ಊರು ತಿರುಗಿ ನೋಡಿ ಬಂದಿದ್ದೆ. ಬಹಳ ಹೊತ್ತು ವಿಚಾರ ಮಾಡಲಿಲ್ಲ. ದಣಿದಿದ್ದೆ. ದಣಿದಾಗ ಮನುಷ್ಯರು ರೂಢಿಯ ಕೆಲಸ ಮಾಡುತ್ತಾರೆ.

"ಸಿಕ್ತು!" ಎಂದು ಒದರಿದೆ. "ಚರಗದಾಗ ಹೋಗಿತ್ತು! ಬರ್ರಿ, ಎಲ್ಲಾರೂ ಬಂದ ನೋಡ್ರಿ!"

ಹಕ್ಕಿ ಕಾಯುತ್ತಿದ್ದವರು ಕವಣೆ ಬಿಟ್ಟು ಬಂದರು. ಪಕ್ಕದ ಹೊಲದ ಹೆಂಗಸರು ಬಂದರು. ಮಂಜುಳಾ ಮಣ್ಣಿನ ಮೇಲೆ ಬೋರಲು ಬಿದ್ದು, ಬಿರುಕಿನಲ್ಲಿ ಎರಡು ಬೆರಳು ಇಳಿಸಿ ಉಂಗುರ ಎತ್ತಿದಳು. ಸೆರಗಿಗೆ ಒರೆಸಿ, ಬಲಗೈ ಬಿಟ್ಟು ಎಡಗೈಗೆ ಹಾಕಿಕೊಂಡಳು. ಅಳಲಿಲ್ಲ.

"ಅಯ್ಯ ಗಂಗವ್ವಾ," ಅಂದಳು ಒಬ್ಬ ಮುದುಕಿ, "ಮಂದಿ ಭೂಮ್ತಾಯಿಗೆ ಹೋಳಿಗಿ ಉಣಸಿದ್ರ ನೀ ಉಂಗುರಾ ತೊಡಿಸಿಯಲ್ಲ! ಮುಂದಿನ ವರ್ಷ ಕೊರಳಿಗೆ ಬೋರಮಾಳ ಹಾಕು."

ಎಲ್ಲರೂ ನಕ್ಕರು. ಗಂಗವ್ವ ನಗಲಿಲ್ಲ. ಮನೆಯವರೆಗೆ ಮುಂದೆ ಮುಂದೆ ನಡೆದಳು. ತಲೆಬಾಗಿಲಲ್ಲಿ ಟ್ರಂಕನ್ನು ಕಾಲಿನಿಂದ ಒಳಗೆ ಸರಿಸಿ, ನನ್ನ ಕಡೆ ತಿರುಗಿ ಒಂದೇ ಮಾತು ಅಂದಳು. "ನಾಳಿ ಮುಂಜಾನಿ ನನ್ನ ಸಾಮಾನ ಬರಬೇಕು." ಸೊಸೆಗೆ ತಪ್ಪಾಯಿತು ಅನ್ನಲಿಲ್ಲ. ಅನ್ನುತ್ತಾಳೆಂದು ನಾನೂ ತಿಳಿದಿರಲಿಲ್ಲ.

ರೇಖಾಳ ಹೊಸ ಮಷಿನ್ ಆಳದ್ದನ್ನೂ ತೋರಿಸುತ್ತದಂತೆ, ಬಂಗಾರವೋ ಬೆಳ್ಳಿಯೋ ಎಂದು ಅಂಕಿಯಲ್ಲಿ ಹೇಳುತ್ತದಂತೆ. ಒಳ್ಳೆಯದು. ಕೆಟ್ಟರೆ ಸಾಮಾನು ಎಲ್ಲಿ ಸಿಗುತ್ತದೆ ಎಂದು ಈಗಲೇ ಕೇಳಿ ಇಟ್ಟುಕೊಳ್ಳಲಿ.

ಮರುದಿನ ಮುಂಜಾನೆ ಮೊದಲ ಬಸ್ಸಿಗೆ ಸವಡಿಗೆ ಹೋದೆ. ಈರಣ್ಣ ರೇಡಿಯೋವನ್ನು ಹೊರಸಿನ ಮೇಲೆ ತಂದಿಟ್ಟ. ಮಂಜುಳಾ ಇಕ್ಕಳ ಹಿಡಿದಳು, ನಾನು ಮಷಿನ್ನಿನಿಂದ ಆ ಸಾಮಾನು ಬಿಡಿಸಿ ರೇಡಿಯೋದಲ್ಲಿ ಇದ್ದಲ್ಲೇ ಕೂಡಿಸಿದೆ. ಅದರ ಸೆಲ್ ಎಂದೋ ಮುಗಿದದ್ದನ್ನು ಯಾರೂ ಬದಲಿಸಿರಲಿಲ್ಲ, ನನ್ನ ಮಷಿನ್ನಿನ ಸೆಲ್ಲುಗಳನ್ನೇ ಅದಕ್ಕೆ ಹಾಕಿ ಗುಂಡಿ ತಿರುಗಿಸಿದೆ. ಗರಗರ ಅಂದು, ಆಮೇಲೆ ಯಾರೋ ಹವಾಮಾನ ಓದುವುದು ಕೇಳಿತು. ಶಿವಪ್ಪ ಎದ್ದು ಕುಳಿತ. ಗಂಗವ್ವ ಸ್ವಲ್ಪ ಹೊತ್ತು ನಿಂತು ಕೇಳಿದಳು. ಆಮೇಲೆ ಬಂದ್ ಮಾಡದೆಯೇ ಅದರ ಮೇಲೆ ಕಸೂತಿಯ ಅರಿವೆ ಹೊದಿಸಿ ಒಳಗೆ ಹೋದಳು. ಅರಿವೆಯ ಕೆಳಗೆ ಅದು ಮಾತಾಡುತ್ತಲೇ ಇತ್ತು.

ತಿರುಗಿ ಬರುವ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಹೆಗಲಿನ ಕೋಲು ಮತ್ತು ಬಳೆ ನೋಡಿ, "ಇವತ್ತ ಯಾವೂರಾಗ ಕೆಲಸ, ಅವ್ವಾರ?" ಎಂದು ಕೇಳಿದ.

"ರೋಣಕ್ಕೊಂದ ಕೊಡಪಾ," ಅಂದೆ. "ಮನಿಗೆ ಹೊಂಟೀನಿ."